ದೇವರಿಗೂ ಮೊದಲ ಸಲ ಸರಿಬರಲಿಲ್ಲ

ಮೂರನೆಯ ಸಲವೂ ಗೋಡೆ ಕುಸಿಯಿತು. ತಿಗರಿಯ ನಡುವೆ ಮಣ್ಣಿನ ಮುದ್ದೆಯನ್ನು ಕೂರಿಸಿ, ಹೆಬ್ಬೆರಳಿನಿಂದ ಹೊಂಡ ತೆಗೆದು, ಎರಡೂ ಕೈಗಳ ನಡುವೆ ಮೆಲ್ಲಗೆ ಮೇಲಕ್ಕೆ ಎಳೆದರೆ ಮಡಕೆಯ ಗೋಡೆ ಏಳುತ್ತದೆ ಎಂದು ಕಲಿಸುವವರು ಹೇಳಿದ್ದರು. ಅವರ ಕೈಯಲ್ಲಿ ಅದು ಎದ್ದಿತ್ತು ಕೂಡ, ಯಾರೋ ಹೆಸರು ಹಿಡಿದು ಕರೆದಂತೆ. ನನ್ನ ಕೈಯಲ್ಲಿ ಗೇಣುದ್ದ ಏರುವ ಮೊದಲೇ ಒಂದು ಮಗ್ಗುಲು ತೆಳುವಾಗಿ, ಬಾಯಿ ಸೊಟ್ಟಗಾಗಿ, ತಿಗರಿ ಇನ್ನೊಂದು ಸುತ್ತು ತಿರುಗುವಷ್ಟರಲ್ಲಿ ಇಡೀ ಮಡಕೆ ಮುಖ ಮುಚ್ಚಿಕೊಂಡು ಕುಳಿತುಬಿಡುತ್ತಿತ್ತು. ಅದೇ ಮುದ್ದೆಯನ್ನು ನಾಲ್ಕನೆಯ ಸಲಕ್ಕೆ ಎತ್ತಿಕೊಂಡಾಗ ಅವರು ತಡೆದರು. "ಅದನ್ನು ಪಕ್ಕಕ್ಕಿಡಿ. ಮಣ್ಣಿಗೆ ದಣಿವಾಗಿದೆ."

ದಣಿದವರು ಯಾರು ಎಂಬ ಬಗ್ಗೆ ನನಗೆ ಬೇರೆಯೇ ಅಭಿಪ್ರಾಯವಿತ್ತು. ಆದರೆ ಮಣ್ಣು ನಿಜಕ್ಕೂ ದಣಿಯುತ್ತದೆ. ಮತ್ತೆ ಮತ್ತೆ ತಿದ್ದಿದರೆ ನೀರು ಹೆಚ್ಚು ಕುಡಿದು, ಬಿಗಿ ಕಳೆದುಕೊಂಡು, ಹೇಳಿದ ಮಾತು ಕೇಳದ ಹಂತಕ್ಕೆ ಬರುತ್ತದೆ. ಆಗ ಅದನ್ನು ಹಲಗೆಯ ಮೇಲೆ ಹರಡಿ, ನೀರು ಎಳೆಯಲು ಬಿಟ್ಟು, ಮರುದಿನ ಮತ್ತೆ ನಾದಬೇಕು. ನಾನು ಕೈ ತೊಳೆದು ಹೊರಟೆ. ಉಗುರಿನ ಸಂದಿಯಲ್ಲಿ ಸೇರಿದ ಮಣ್ಣು ಮಾತ್ರ ಎರಡು ದಿನ ಹೋಗಲಿಲ್ಲ.

ಆ ದಿನಗಳಲ್ಲಿ ನಾನು ಲೋಕ ಹುಟ್ಟಿದ ಕಥೆಗಳನ್ನು ಒಂದರ ಹಿಂದೆ ಒಂದು ಓದುತ್ತಿದ್ದೆ. ಸಂಶೋಧನೆಗೆಂದಲ್ಲ, ಓದಿನ ಚಟಕ್ಕೆ. ಈ ಕಥೆಗಳಲ್ಲಿ ದೇವರು ಗುಡುಗಿನ ದನಿಯಲ್ಲಿ ಅಪ್ಪಣೆ ಕೊಡುತ್ತಾನೆ, ಲೋಕ ಕೈಕಟ್ಟಿ ಎದ್ದು ನಿಲ್ಲುತ್ತದೆ ಎಂಬ ಚಿತ್ರವೊಂದು ನನ್ನ ತಲೆಯಲ್ಲಿತ್ತು. ಉಗುರಿನಲ್ಲಿ ಮಣ್ಣಿಟ್ಟುಕೊಂಡು ಓದಿದಾಗ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳತೊಡಗಿತು. ಈ ಕಥೆಗಳಲ್ಲಿ ಮಾಡುವವರ ಕೈ ನಡುಗುತ್ತದೆ. ಅವರು ಮಾಡಿ ಅಳಿಸುತ್ತಾರೆ, ಹಿರಿಯರನ್ನು ಕೇಳುತ್ತಾರೆ, ಮಾಡಿದ ಮೇಲೆ ಹಲುಬುತ್ತಾರೆ.

ಗ್ವಾಟೆಮಾಲದ ಕಿಚೆ ಮಾಯಾ ಜನರ 'ಪೊಪೊಲ್ ವೂಹ್' ಗ್ರಂಥ ಇದನ್ನು ಎಲ್ಲರಿಗಿಂತ ಬಿಚ್ಚುಮನಸ್ಸಿನಿಂದ ಹೇಳುತ್ತದೆ. ಅಲ್ಲಿ ನೆಲವನ್ನು ಉಂಟುಮಾಡುವುದು ಕಷ್ಟದ ಕೆಲಸವೇ ಅಲ್ಲ. 'ಭೂಮಿ' ಎನ್ನುತ್ತಾರೆ, ಮಂಜಿನೊಳಗಿಂದ ಬೆಟ್ಟಗಳು ಏಳುತ್ತವೆ. ಕಷ್ಟವಾಗುವುದು ಮನುಷ್ಯನ ವಿಷಯದಲ್ಲಿ. ದೇವತೆಗಳಿಗೆ ತಮ್ಮನ್ನು ಹೆಸರಿಟ್ಟು ಕರೆಯುವ, ನೆನೆಯುವ ಒಂದು ಜೀವ ಬೇಕು. ಮೊದಲು ಪ್ರಾಣಿ, ಪಕ್ಷಿಗಳನ್ನು ಮಾಡಿ "ನಮ್ಮ ಹೆಸರು ಹೇಳಿ" ಎಂದರೆ ಅವು ಕಿರುಚಿದವು, ಕೂಗಿದವು, ಅಷ್ಟೇ. ಆಮೇಲೆ ಕೆಸರಿನಿಂದ ಒಂದು ದೇಹ ಮಾಡಿದರು. ಅದು ಮೆತ್ತಗಿತ್ತು. ಮುಖ ಒಂದು ಕಡೆಗೆ ಜೋತುಬಿದ್ದಿತ್ತು, ಕತ್ತು ತಿರುಗುತ್ತಿರಲಿಲ್ಲ. ಮಾತಾಡಿತು, ಆದರೆ ಮಾತಿಗೆ ಅರ್ಥವಿರಲಿಲ್ಲ. ನೀರು ತಾಗಿದೊಡನೆ ಕರಗತೊಡಗಿತು. ನಾನು ಈ ಭಾಗ ಓದುವಾಗ ಪುಸ್ತಕದಿಂದ ತಲೆಯೆತ್ತಿ ನನ್ನ ಉಗುರು ನೋಡಿಕೊಂಡೆ.

ಕೆಸರು ಕೈಕೊಟ್ಟ ಮೇಲೆ ಅವರು ಇಬ್ಬರು ಮುದಿ ಕಣಿಗಾರರ ಬಳಿಗೆ ಹೋಗುತ್ತಾರೆ. ಸೃಷ್ಟಿಕರ್ತರು ಕಣಿ ಕೇಳಲು ಹೋಗುವುದನ್ನು ನಾನು ಬೇರೆಲ್ಲೂ ಓದಿದ ನೆನಪಿಲ್ಲ. ಜೋಳದ ಕಾಳು ಎಣಿಸಿ, ಬೀಜ ಹರಡಿ, ಮುದುಕ ಮುದುಕಿ "ಮರ ಆಗಬಹುದು" ಎನ್ನುತ್ತಾರೆ. ಮರದ ಮನುಷ್ಯರು ನಡೆದಾಡಿದರು, ಮಕ್ಕಳನ್ನು ಹೆತ್ತರು, ಭೂಮಿ ತುಂಬ ಹಬ್ಬಿದರು. ಆದರೆ ಎದೆಯೊಳಗೆ ಏನೂ ಇರಲಿಲ್ಲ, ತಮ್ಮನ್ನು ಮಾಡಿದವರ ನೆನಪೂ ಇರಲಿಲ್ಲ. ಅವರನ್ನು ಅಳಿಸಲು ಪ್ರವಾಹ ಬಂತು. ಅದರ ಜೊತೆಗೆ ಅವರ ಮನೆಯ ಸಾಮಾನುಗಳೇ ತಿರುಗಿಬಿದ್ದವು. ನಾಯಿಗಳು "ನಮಗೆ ಊಟ ಹಾಕಲಿಲ್ಲ, ನೀವು ಉಣ್ಣುವಾಗ ನಮಗೆಂದು ಕೋಲು ಇಟ್ಟುಕೊಂಡಿರುತ್ತಿದ್ದಿರಿ" ಎಂದು ಮೇಲೆರಗಿದವು. "ದಿನವಿಡೀ ನಮ್ಮ ಮುಖವನ್ನು ಉಜ್ಜಿದಿರಿ, ಈಗ ನಿಮ್ಮನ್ನು ಅರೆಯುತ್ತೇವೆ" ಎಂದವು ಅರೆಯುವ ಕಲ್ಲುಗಳು. ಒಲೆಯ ಮೇಲಿಟ್ಟು ಸುಟ್ಟಿದ್ದಕ್ಕೆ ಮಡಕೆಗಳೂ ಲೆಕ್ಕ ಕೇಳಿದವು. ಅಳಿದುಳಿದವರು ಕಾಡು ಸೇರಿ ಕೋತಿಗಳಾದರು.

ಕೊನೆಗೆ ಕೈಹಿಡಿದದ್ದು ಮೆಕ್ಕೆಜೋಳ. ಶ್ಮುಕಾನೆ ಎಂಬ ಆ ಅಜ್ಜಿಯೇ ಒಂಬತ್ತು ಸಲ ಅರೆದು ಹಿಟ್ಟು ಮಾಡಿದಳು. ಆ ಹಿಟ್ಟಿನಿಂದ ನಾಲ್ವರು ಗಂಡಸರಾದರು. ಈ ಸಲ ಎಷ್ಟು ಚೆನ್ನಾಗಿ ಬಂದರೆಂದರೆ, ಚೆನ್ನಾಗಿ ಬಂದದ್ದೇ ತೊಂದರೆಯಾಯಿತು. ಅವರು ಕುಳಿತಲ್ಲಿಂದಲೇ ಲೋಕದ ಮೂಲೆ ಮೂಲೆಯನ್ನೂ ಕಂಡರು. ಎಲ್ಲವೂ ಅರ್ಥವಾಯಿತು. ಮಾಡಿದವರಿಗೆ ಕೃತಜ್ಞತೆಯನ್ನೂ ಹೇಳಿದರು. ದೇವತೆಗಳಿಗೆ ದಿಗಿಲಾಯಿತು: ಇವರು ನಮ್ಮ ಸಮಕ್ಕೆ ಬಂದುಬಿಟ್ಟರಲ್ಲ? ಆಗ ಕನ್ನಡಿಯ ಮೇಲೆ ಉಸಿರು ಊದಿದ ಹಾಗೆ ಅವರ ಕಣ್ಣುಗಳನ್ನು ಮಬ್ಬುಗೊಳಿಸಿದರು. ಹತ್ತಿರದ್ದಷ್ಟೇ ಕಾಣುವಂತಾಯಿತು.

ಕನ್ನಡಿಯ ಮೇಲಿನ ಉಸಿರಿನ ಮಬ್ಬು. ನಮ್ಮ ಅರಿವಿಗೆ ಮಿತಿ ಯಾಕಿದೆ ಎಂಬ ಪ್ರಶ್ನೆಗೆ ನಾನು ಓದಿದ ಉತ್ತರಗಳಲ್ಲಿ ಇದರಷ್ಟು ಮೃದುವಾದದ್ದು ಇನ್ನೊಂದಿಲ್ಲ. ಶಾಪವಲ್ಲ, ದಂಡನೆಯಲ್ಲ, ಹತ್ತಿರ ಬಂದು ಬಿಟ್ಟ ಒಂದು ಉಸಿರು. ಸ್ಪ್ಯಾನಿಷರು ಬಂದು ಹಳೆಯ ಗ್ರಂಥಗಳನ್ನು ಸುಟ್ಟ ಮೇಲೆ, 16ನೆಯ ಶತಮಾನದ ನಡುವಿನಲ್ಲಿ, ಕಿಚೆ ಜನರು ತಮ್ಮ ಭಾಷೆಯಲ್ಲಿ, ಗೆದ್ದವರ ಲಿಪಿಯಲ್ಲಿ ಇದನ್ನು ಬರೆದಿಟ್ಟರು. ಕ್ರೈಸ್ತ ಬೋಧನೆಯ ನಡುವೆ ಕುಳಿತು ಇದನ್ನು ಬರೆಯುತ್ತಿದ್ದೇವೆ ಎಂದು ಆರಂಭದಲ್ಲೇ ಹೇಳಿಕೊಳ್ಳುತ್ತಾರೆ.

ಮಣ್ಣಿಗೆ ಮರಳುತ್ತೇನೆ. ಮೆಸೊಪೊಟೇಮಿಯದ 'ಅತ್ರಹಾಸಿಸ್' ಕಾವ್ಯ ಕ್ರಿಸ್ತಪೂರ್ವ 17ನೆಯ ಶತಮಾನದ ಜೇಡಿಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ. ಮಣ್ಣಿನ ಮನುಷ್ಯರ ಕಥೆ ಮಣ್ಣಿನ ಮೇಲೆಯೇ ಉಳಿದು ಬಂದಿದೆ. ಅದು ಶುರುವಾಗುವುದು ಮನುಷ್ಯರಿಲ್ಲದ ಕಾಲದಲ್ಲಿ, ದೇವತೆಗಳೇ ಗೇಯುತ್ತಿದ್ದ ಕಾಲದಲ್ಲಿ. ದೊಡ್ಡ ದೇವತೆಗಳು ಆಳುತ್ತಿದ್ದರು, ಚಿಕ್ಕ ದೇವತೆಗಳು ಕಾಲುವೆ ತೋಡುತ್ತಿದ್ದರು. ಟೈಗ್ರಿಸ್, ಯೂಫ್ರಟಿಸ್ ನದಿಗಳನ್ನು ತೋಡಿದವರೂ ಅವರೇ. ಒಂದು ದಿನ ಸಾಕಾಗಿ ಹಾರೆ, ಬುಟ್ಟಿಗಳಿಗೆ ಬೆಂಕಿ ಹಚ್ಚಿ, ರಾತ್ರೋರಾತ್ರಿ ಎನ್‌ಲಿಲ್ ದೇವನ ಮನೆಗೆ ಮುತ್ತಿಗೆ ಹಾಕಿದರು. ಲೋಕದ ಮೊದಲ ಮುಷ್ಕರ ಎನ್ನಲು ಅಡ್ಡಿಯಿಲ್ಲ. ರಾಜಿಯಲ್ಲಿ ಒಪ್ಪಿಗೆಯಾದದ್ದು ಇಷ್ಟು: ಈ ಕೆಲಸ ಮಾಡಲು ಬೇರೆ ಯಾರನ್ನಾದರೂ ಮಾಡೋಣ.

ಹಾಗೆ ನಾವು ಬಂದೆವು. ಒಬ್ಬ ದೇವತೆಯನ್ನು ಕೊಂದು, ಅವನ ರಕ್ತ ಮಾಂಸವನ್ನು ಜೇಡಿಮಣ್ಣಿಗೆ ಕಲಸಿದರು, ದೇವತೆಗಳೆಲ್ಲ ಬಂದು ಅದರ ಮೇಲೆ ಉಗುಳಿದರು. ಉಗುಳಿದ್ದು ಅವಮಾನಕ್ಕಲ್ಲ, ಮಣ್ಣು ಹದ ಬರಲೆಂದು. ಆ ಸತ್ತ ದೇವತೆಯ ನೆನಪು ಮನುಷ್ಯನೊಳಗೆ ಸದಾ ಡೋಲಿನಂತೆ ಬಾರಿಸುತ್ತಿರಲಿ ಎಂಬ ಮಾತು ಅಲ್ಲಿದೆ. ಅದು ಎದೆಬಡಿತವೇ ಎಂದು ಓದುವವರಿದ್ದಾರೆ. ನನಗೂ ಹಾಗೆ ಓದುವುದೇ ಇಷ್ಟ.

ಆಮೇಲೆ ಮನುಷ್ಯರು ಹೆಚ್ಚಾದರು. ಗದ್ದಲ ಹೆಚ್ಚಾಯಿತು. ಎನ್‌ಲಿಲ್‌ಗೆ ನಿದ್ದೆ ಬರಲಿಲ್ಲ. ಪಾಪ, ಅಧರ್ಮ ಯಾವುದೂ ಅಲ್ಲ, ನಿದ್ದೆಗೆಟ್ಟದ್ದಕ್ಕೆ ರೋಗ ಕಳಿಸಿದ, ಬರ ಕಳಿಸಿದ, ಕೊನೆಗೆ ಪ್ರವಾಹ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ. ಇಲ್ಲಿ ಕುಂಬಾರರ ಮನೆಯಲ್ಲೇ ದೊಣ್ಣೆಯೂ ಇತ್ತು. ಆದರೆ ಪ್ರವಾಹ ಬಂದ ಮೇಲೆ ದೇವತೆಗಳಿಗೆ ಒಂದು ಸಂಗತಿ ಹೊಳೆಯಿತು: ನೈವೇದ್ಯ ಇಡುವವರೇ ಇಲ್ಲ. ಹೊಟ್ಟೆ ಹಸಿಯಿತು, ಗಂಟಲು ಒಣಗಿತು. ದೋಣಿಯಲ್ಲಿ ಬದುಕುಳಿದವನೊಬ್ಬ ನೆಲಕ್ಕಿಳಿದು ಬಲಿ ಅರ್ಪಿಸಿದಾಗ, ಅದರ ವಾಸನೆಗೆ ದೇವತೆಗಳು ನೊಣಗಳ ಹಾಗೆ ಮುತ್ತಿಕೊಂಡರಂತೆ.

'ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ' ಎಂಬ ಗಾದೆಯಲ್ಲಿ ಹುಟ್ಟಿಸಿದವನು ಹೊಣೆ ಹೊರುತ್ತಾನೆ ಎಂಬ ನಂಬಿಕೆಯಿದೆ. ಆ ಗಾದೆಯನ್ನು ಬಾಬಿಲೋನಿನ ಹಳಬನೊಬ್ಬನಿಗೆ ಹೇಳಿದ್ದರೆ ಅವನು ನಕ್ಕು, ಅಲ್ಲಪ್ಪ, ಮೇಯಿಸುತ್ತಿರುವವರು ನಾವು ಎನ್ನುತ್ತಿದ್ದನೇನೋ.

ಬೈಬಲಿನ ಆದಿಕಾಂಡಕ್ಕೆ ಬಂದರೆ ಈ ಹಸಿವು, ಮುಷ್ಕರ ಯಾವುದೂ ಇಲ್ಲ. ಮೊದಲ ಅಧ್ಯಾಯ ಶಾಂತವಾಗಿ, ದಿನ ಎಣಿಸುತ್ತಾ ಸಾಗುತ್ತದೆ. ಬೆಳಕು ಮೊದಲ ದಿನವೇ ಬರುತ್ತದೆ, ಸೂರ್ಯ ನಾಲ್ಕನೆಯ ದಿನ. ಆರನೆಯ ದಿನ ಗಂಡು, ಹೆಣ್ಣು ಒಟ್ಟಿಗೆ. ಎಲ್ಲವೂ 'ಒಳ್ಳೆಯದಾಗಿತ್ತು'. ಎರಡನೆಯ ಅಧ್ಯಾಯಕ್ಕೆ ದಾಟಿದರೆ ದನಿಯೇ ಬೇರೆ. ಅಲ್ಲಿ ದೇವರು ಮಣ್ಣು ಮುಟ್ಟುತ್ತಾನೆ, ಮೂಗಿನೊಳಗೆ ಊದುತ್ತಾನೆ, ತೋಟ ಮಾಡುತ್ತಾನೆ. ಮೊದಲು ಗಂಡಸು. ಆಮೇಲೆ ಒಂದು ಕೊರತೆ ಕಾಣುತ್ತದೆ: ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ. ಅದಕ್ಕೆ ದೇವರು ಏನು ಮಾಡುತ್ತಾನೆ? ಪ್ರಾಣಿಗಳನ್ನೂ ಹಕ್ಕಿಗಳನ್ನೂ ಮಾಡಿ ಒಂದೊಂದಾಗಿ ಅವನ ಮುಂದೆ ತರುತ್ತಾನೆ. ಅವನು ಹೆಸರಿಡುತ್ತಾ ಹೋಗುತ್ತಾನೆ. ಯಾವುದೂ ಜೊತೆಗೆ ಸರಿಹೊಂದುವುದಿಲ್ಲ. ಆಮೇಲಷ್ಟೇ ಗಾಢನಿದ್ದೆ, ಪಕ್ಕೆಲುಬು, ಹೆಣ್ಣು. ಎಷ್ಟೋ ಸಲ ಕೇಳಿದ ಕಥೆಯಲ್ಲಿ ಈ ಮೆರವಣಿಗೆಯನ್ನು ನಾನು ಯಾವಾಗಲೂ ಹಾರಿಸಿಬಿಡುತ್ತಿದ್ದೆ. ಆನೆಯನ್ನು ತಂದು ನಿಲ್ಲಿಸಿ "ಇದಾಗಬಹುದೇ?" ಎಂದು ಕೇಳಿದಂತೆ. ಆಗಲಿಲ್ಲ. ಇನ್ನೊಂದು ತಂದಂತೆ.

ಈ ಎರಡು ಅಧ್ಯಾಯಗಳು ಬೇರೆ ಬೇರೆ ಕೈಗಳಿಂದ ಬಂದವು ಎನ್ನುವುದು ಬೈಬಲ್ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ನನಗೆ ಬೆರಗೆನಿಸುವುದು ಇವನ್ನು ಒಟ್ಟಿಗೆ ಹೊಲಿದವರ ಧೈರ್ಯ. ಒಂದರಲ್ಲಿ ಪ್ರಾಣಿಗಳು ಮೊದಲು, ಇನ್ನೊಂದರಲ್ಲಿ ಮನುಷ್ಯ ಮೊದಲು. ಅದು ಅವರಿಗೆ ಕಾಣಲಿಲ್ಲವೇ? ಕಂಡೇ ಇರುತ್ತದೆ. ತಿದ್ದಿ ಒಂದೇ ಮಾಡಲಿಲ್ಲ. ನಾಲ್ಕು ಪುಟ ಮುಂದೆ ಹೋದರೆ, ಮನುಷ್ಯನನ್ನು ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟು ಹೃದಯದಲ್ಲಿ ನೊಂದುಕೊಂಡ ಎಂಬ ವಾಕ್ಯವನ್ನೂ ಅಳಿಸಲಿಲ್ಲ.

ಆದಾಮ ಎಂಬ ಹೆಸರೇ ಹೀಬ್ರೂವಿನಲ್ಲಿ ನೆಲ ಎಂಬ 'ಅದಾಮಾ'ದ ಮಗ್ಗುಲಿನದು. ಲ್ಯಾಟಿನ್ನಿನಲ್ಲಿ ಮನುಷ್ಯನಿಗಿರುವ 'ಹೋಮೊ', ಮಣ್ಣಿಗಿರುವ 'ಹ್ಯೂಮಸ್' ಒಂದೇ ಬೇರಿನವು. ಈಜಿಪ್ಟಿನವರ ಒಂದು ಕಥೆಯಲ್ಲಿ ಖ್ನೂಮ್ ದೇವ ತಿಗರಿಯ ಮೇಲೆ ಮನುಷ್ಯರನ್ನು ತಿರುಗಿಸಿ ಎತ್ತುತ್ತಾನೆ, ಇನ್ನೊಂದರಲ್ಲಿ ಮನುಷ್ಯರು ಸೂರ್ಯದೇವನ ಕಣ್ಣೀರಿನಿಂದ ಆದವರು, ಯಾಕೆಂದರೆ ಅವರ ಭಾಷೆಯಲ್ಲಿ 'ಜನ' ಮತ್ತು 'ಕಣ್ಣೀರು' ಕಿವಿಗೆ ಒಂದೇ ಬಗೆಯಾಗಿ ಕೇಳುತ್ತವೆ. ನಾವು ಬಳಸುವ 'ಮನುಷ್ಯ'ದಲ್ಲಿ ಮಣ್ಣೂ ಇಲ್ಲ, ಕಣ್ಣೀರೂ ಇಲ್ಲ. ಅದು ಮನುವಿನಿಂದ ಬಂದದ್ದು, ಮನುವಿನ ಬೇರು 'ಮನ್', ಯೋಚಿಸುವುದು. ಆದರೂ ಸತ್ತವರ ಬಗ್ಗೆ ಮಾತಾಡುವಾಗ ಮಣ್ಣಾದರು, ಮಣ್ಣು ಮಾಡಿದರು ಎಂದೇ ಅನ್ನುತ್ತೇವೆ. ಬರುವಾಗಿನ ದಾರಿ ಮರೆತರೂ ಹೋಗುವಾಗಿನ ದಾರಿ ನಾಲಗೆಗೆ ಗೊತ್ತು.

ಕುರ್‌ಆನ್ ಮಣ್ಣಿನ ಬಗ್ಗೆ ಇನ್ನೂ ನಿಖರ. ಅಲ್ಲಿ ಮನುಷ್ಯನ ಮಣ್ಣಿಗೆ 'ಸಲ್ಸಾಲ್' ಎಂಬ ಪದವಿದೆ: ಒಣಗಿ, ತಟ್ಟಿದರೆ ಸದ್ದು ಕೊಡುವ ಜೇಡಿ, ಮಡಕೆಯಂಥದ್ದು. ಪದದ ಸದ್ದಿನಲ್ಲೇ ಆ ಕಿಣಿಕಿಣಿ ಇದೆ. ಆದರೆ ನಾನು ಪದೇ ಪದೇ ಹೋಗಿ ನಿಲ್ಲುವುದು ದೇವದೂತರ ಪ್ರಶ್ನೆಯ ಮುಂದೆ. ಭೂಮಿಯಲ್ಲಿ ಒಬ್ಬ ಪ್ರತಿನಿಧಿಯನ್ನು ಇಡಲಿದ್ದೇನೆ ಎಂದು ಅಲ್ಲಾಹನು ಹೇಳಿದಾಗ, "ಅಲ್ಲಿ ಕಿಡಿಗೇಡಿತನ ಮಾಡುವ, ರಕ್ತ ಹರಿಸುವ ಒಬ್ಬನನ್ನು ಇಡುವೆಯಾ?" ಎಂದು ಅವರು ಕೇಳುತ್ತಾರೆ. ಉತ್ತರ: ನೀವು ಅರಿಯದ್ದನ್ನು ನಾನು ಬಲ್ಲೆ. ಆಮೇಲೆ ಆದಮನಿಗೆ ಎಲ್ಲದರ ಹೆಸರುಗಳನ್ನು ಕಲಿಸಲಾಗುತ್ತದೆ. ಗಮನಿಸಿ, ದೂತರ ಮಾತು ಸುಳ್ಳು ಎಂದು ಎಲ್ಲೂ ಹೇಳಿಲ್ಲ. ಅವರು ಹೆದರಿದ್ದೆಲ್ಲ ಆಗಿಯೇ ಆಗಿದೆ. ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸದೆ ಪವಿತ್ರ ಗ್ರಂಥವೊಂದು ತನ್ನೊಳಗೇ ಇಟ್ಟುಕೊಂಡಿದೆ.

ಇನ್ನು ಮಣ್ಣನ್ನು ಮುಟ್ಟದ ಒಂದು ಕಥೆ. ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿ ಆರಂಭದಲ್ಲಿ ಇದ್ದದ್ದು ಆತ್ಮವೊಂದೇ, ಪುರುಷನ ಆಕಾರದಲ್ಲಿ. ಅದು ಸುತ್ತ ನೋಡಿತು. ತನ್ನ ಹೊರತು ಏನೂ ಕಾಣಲಿಲ್ಲ. 'ನಾನು ಇದ್ದೇನೆ' ಎಂದಿತು. ತಕ್ಷಣ ಅದಕ್ಕೆ ಹೆದರಿಕೆಯಾಯಿತು. ಅದಕ್ಕೇ ಒಂಟಿಯಾದವನು ಇಂದಿಗೂ ಹೆದರುತ್ತಾನೆ ಎನ್ನುತ್ತದೆ ಉಪನಿಷತ್ತು. ಆಮೇಲೆ ಅದು ಯೋಚಿಸಿತು: ನನ್ನನ್ನು ಬಿಟ್ಟು ಬೇರೆ ಇಲ್ಲವೇ ಇಲ್ಲ, ಮತ್ತೆ ಯಾರಿಗೆ ಹೆದರಲಿ? ಹೆದರಿಕೆ ಹೋಯಿತು. ಹೋದರೂ ಹಿತವೆನಿಸಲಿಲ್ಲ. 'ಏಕಾಕೀ ನ ರಮತೇ.' ಒಂಟಿಗೆ ಸಂತೋಷವಿಲ್ಲ. ಇನ್ನೊಂದು ಬೇಕೆನಿಸಿತು, ಗಂಡು ಹೆಣ್ಣೆಂದು ಎರಡಾಯಿತು.

ಆದಿಕಾಂಡದಲ್ಲಿ ಒಂಟಿತನ ಮನುಷ್ಯನದು, ದೇವರು ಅದನ್ನು ಹೊರಗಿನಿಂದ ನೋಡಿ ಮರುಗುತ್ತಾನೆ. ಇಲ್ಲಿ ಒಂಟಿತನ ಮೂಲದ್ದೇ. ಲೋಕವೆಲ್ಲ ಆ ಬೇಸರದಿಂದ ಹೊರಟದ್ದು. ನಡುರಾತ್ರಿ ಎಚ್ಚರವಾಗಿ, ಮನೆಯೆಲ್ಲ ನಿಶ್ಶಬ್ದವಾಗಿದ್ದಾಗ ಸುಮ್ಮನೆ ಒಂದು ಗಳಿಗೆ ಎದೆ ಧಸಕ್ಕೆನ್ನುತ್ತದಲ್ಲ, ಏನೂ ಇಲ್ಲ ಎಂದು ಗೊತ್ತಿದ್ದೂ? ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಯಾರೋ ಅದನ್ನು ಸೃಷ್ಟಿಯ ಮೊದಲ ಗಳಿಗೆಯಲ್ಲೇ ಇಟ್ಟರು. ಮುಂದಿನ ಭಾಗವೂ ಚೆಂದ. ಆ ಹೆಣ್ಣು, ನನ್ನನ್ನು ತನ್ನಿಂದಲೇ ಉಂಟುಮಾಡಿ ನನ್ನನ್ನೇ ಕೂಡುತ್ತಾನೆ, ಇದು ಹೇಗೆ ಎಂದು ಹಸುವಾಗಿ ಅಡಗುತ್ತಾಳೆ. ಅವನು ಹೋರಿಯಾಗುತ್ತಾನೆ. ಅವಳು ಹೆಣ್ಣುಕುದುರೆ, ಅವನು ಗಂಡುಕುದುರೆ. ಹೀಗೆ ಇರುವೆಗಳವರೆಗೆ. ಅವಳು ಓಡದಿದ್ದರೆ ಇರುವೆಗಳೂ ಇರುತ್ತಿರಲಿಲ್ಲ.

ಎಲ್ಲ ಸೃಷ್ಟಿಕಥೆಗಳೂ ಹೀಗೆ ಮನಸ್ಸು ಕರಗಿಸುವಂಥವೇನಲ್ಲ. ಕೆಲವನ್ನು ಓದುವಾಗ, ಇದು ಯಾರ ಅನುಕೂಲಕ್ಕೆ ಹೇಳಿದ್ದು ಎಂದು ಕೇಳದಿರಲು ಆಗುವುದಿಲ್ಲ. ಚೀನಾದ ನ್ಯೂವಾ ದೇವಿ ಹಳದಿ ಮಣ್ಣನ್ನು ಕೈಯಾರೆ ತಟ್ಟಿ ಮನುಷ್ಯರನ್ನು ಮಾಡುತ್ತಿದ್ದಳಂತೆ. ಕೈ ಸೋತಿತು. ಹಗ್ಗವೊಂದನ್ನು ಕೆಸರಿನಲ್ಲಿ ಅದ್ದಿ ಎಳೆದಳು, ಅದರಿಂದ ಉದುರಿದ ಹನಿಗಳೂ ಮನುಷ್ಯರಾದವು. ಇಲ್ಲಿಯವರೆಗೆ ಇದು ದಣಿದ ಕೈಯ ಕಥೆ, ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಆದರೆ ಕೊನೆಗೊಂದು ಬಾಲ: ಕೈಯಾರೆ ಮಾಡಿದವರು ಸಿರಿವಂತರು, ಹಗ್ಗದಿಂದ ಉದುರಿದವರು ಬಡವರು. ಋಗ್ವೇದದ ಪುರುಷಸೂಕ್ತದಲ್ಲಿ ಒಂದು ವಿರಾಟ್ ದೇಹದ ಬಾಯಿ, ತೋಳು, ತೊಡೆ, ಪಾದಗಳಿಗೆ ನಾಲ್ಕು ವರ್ಣಗಳನ್ನು ಹೊಂದಿಸಿರುವುದು ಎಲ್ಲರಿಗೂ ಗೊತ್ತು. ಚಂದ್ರ ಮನಸ್ಸಿನಿಂದ, ಸೂರ್ಯ ಕಣ್ಣಿನಿಂದ ಹುಟ್ಟಿದ ಎಂಬ ಅದೇ ಸೂಕ್ತದ ಕಲ್ಪನೆ ಎಷ್ಟು ದೊಡ್ಡದೋ, ಈ ಒಂದು ಋಕ್ಕಿನ ಹೆಸರಿನಲ್ಲಿ ನಡೆದದ್ದು ಅಷ್ಟೇ ಸಣ್ಣದು. ಹುಟ್ಟಿನ ಕಥೆಯನ್ನು ಮೇಲು ಕೀಳಿನ ಏಣಿ ಮಾಡಿಕೊಂಡವರಿಗೆ ಕಥೆಯ ಮೇಲೆ ಪ್ರೀತಿಯಿರಲಿಲ್ಲ, ಏಣಿಯ ಮೇಲಿತ್ತು.

ಇದಕ್ಕೆ ಹಳಬರೇ ಕೊಟ್ಟ ಉತ್ತರವೊಂದಿದೆ. ಪಾಲಿ ತ್ರಿಪಿಟಕದ ಅಗ್ಗಞ್ಞ ಸುತ್ತದಲ್ಲಿ ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಯುವಕರು ಬುದ್ಧನ ಸಂಘಕ್ಕೆ ಸೇರಲು ಬಂದಿದ್ದಾರೆ. ನಾವು ಬ್ರಹ್ಮನ ಬಾಯಿಂದ ಹುಟ್ಟಿದವರು, ನೀವು ಕೆಳಗಿನವರ ಜೊತೆ ಸೇರಿದಿರಿ ಎಂದು ತಮ್ಮ ಜನ ಬಯ್ಯುತ್ತಾರೆ ಎನ್ನುತ್ತಾರೆ. ಬುದ್ಧನ ಮಾತು ತೀರ ಮನೆಮಾತಿನಂತಿದೆ: ಬ್ರಾಹ್ಮಣರ ಮನೆಯ ಹೆಂಗಸರೂ ಮುಟ್ಟಾಗುವುದನ್ನು, ಬಸಿರಾಗುವುದನ್ನು, ಹೆರುವುದನ್ನು, ಹಾಲೂಡಿಸುವುದನ್ನು ನಾವು ಕಾಣುತ್ತೇವಲ್ಲ, ಆ ಹೊಟ್ಟೆಯಿಂದಲೇ ಬಂದವರು ಬಾಯಿಂದ ಬಂದೆವು ಎನ್ನುತ್ತಾರೆ. ಅಷ್ಟು ಹೇಳಿ ಅವನು ತನ್ನದೊಂದು ಕಥೆ ಹೇಳುತ್ತಾನೆ. ಲೋಕ ಮುದುಡಿ ಮತ್ತೆ ಅರಳುವಾಗ ಜೀವಿಗಳು ತಮ್ಮ ಬೆಳಕಿನಲ್ಲಿ ತಾವೇ ಹೊಳೆಯುತ್ತಾ, ಸಂತೋಷವನ್ನೇ ಉಂಡು ಆಕಾಶದಲ್ಲಿ ತೇಲುತ್ತಿದ್ದವು. ಸೂರ್ಯ ಚಂದ್ರರಿರಲಿಲ್ಲ. ಕೆಳಗೆ ನೀರು. ಕಾಯಿಸಿದ ಹಾಲು ಆರುವಾಗ ಮೇಲೆ ಕೆನೆ ಕಟ್ಟುವ ಹಾಗೆ ಆ ನೀರಿನ ಮೇಲೆ ಭೂಮಿಯ ಸಾರ ಕಟ್ಟಿತು, ತುಪ್ಪದ ಬಣ್ಣ, ಜೇನಿನ ರುಚಿ. ಒಂದು ಜೀವ ಬೆರಳಿನಿಂದ ತೆಗೆದು ನೆಕ್ಕಿತು. ಉಳಿದವು ನೋಡಿದವು, ಅವೂ ನೆಕ್ಕಿದವು. ಮೈ ಗಡುಸಾಯಿತು, ಒಳಗಿನ ಬೆಳಕು ಆರಿತು. ಆಗಲೇ ಹೊರಗೆ ಸೂರ್ಯ ಚಂದ್ರರು ಕಾಣಿಸಿಕೊಂಡದ್ದು. ಆಮೇಲೆ ನಾನು ಚೆಲುವ ನೀನು ಕುರೂಪಿ ಎಂಬ ಜಂಬ, ಆಮೇಲೆ ಅಕ್ಕಿ ಕೂಡಿಡುವುದು, ಬೇಲಿ, ಕಳವು, ಕಳವು ತಡೆಯಲು ಒಬ್ಬ ರಾಜ.

ಯಾರೂ ಯಾರನ್ನೂ ಮಾಡಲಿಲ್ಲ. ಒಂದು ಬೆರಳು, ಒಂದಿಷ್ಟು ಕೆನೆ, ಅಷ್ಟೇ.

ಜೈನರು ಇನ್ನೂ ಮುಂದೆ ಹೋಗಿ, ಮಾಡಿದವನ ಪ್ರಶ್ನೆಯನ್ನೇ ಕೈಬಿಟ್ಟರು. ಲೋಕ ಅನಾದಿ, ಅದಕ್ಕೆ ಕರ್ತೃ ಇಲ್ಲ. 9ನೆಯ ಶತಮಾನದ ಜಿನಸೇನಾಚಾರ್ಯರು (ಪಂಪ 941ರಲ್ಲಿ ಕನ್ನಡದ ಆದಿಪುರಾಣಕ್ಕೆ ಕಥೆ ಪಡೆದದ್ದು ಇವರಿಂದಲೇ) ಮಹಾಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಒಂದೊಂದಾಗಿ ಬಿಚ್ಚುತ್ತಾರೆ. ಲೋಕ ಇಲ್ಲದಾಗ ಅವನು ಎಲ್ಲಿ ನಿಂತಿದ್ದ? ಅವನು ಪರಿಪೂರ್ಣನಾದರೆ ಮಾಡಬೇಕೆಂಬ ಆಸೆ ಎಲ್ಲಿಂದ ಬಂತು? ಪರಿಪೂರ್ಣನಲ್ಲದಿದ್ದರೆ, ಕುಂಬಾರನಿಗೆ ಆಗದ ಕೆಲಸ ಅವನಿಗೆ ಹೇಗೆ ಆದೀತು? ಆ ಕೊನೆಯ ಮಾತು ನನಗೆ ಸ್ವಲ್ಪ ಚುಚ್ಚಿತು, ನಿಜ. ಆದರೆ ವಾದ ಗಟ್ಟಿಯಾಗಿದೆ. ಪೊಪೊಲ್ ವೂಹ್‌ನಂಥ ಕಥೆಗಳು ತರ್ಕಕ್ಕೆ ಬಾಗದೆ, ಹೌದು ಅವರು ಪರಿಪೂರ್ಣರಲ್ಲ, ಏನೀಗ ಎಂದು ಸಲೀಸಾಗಿ ಒಪ್ಪಿಕೊಂಡು ಪಾರಾಗುತ್ತವೆ.

ಪಾರಾಗಲು ಇಷ್ಟವಿಲ್ಲದವರು ಲೆಕ್ಕಕ್ಕೆ ಇಳಿದರು. ಜೇಮ್ಸ್ ಅಷರ್ ಎಂಬ ಆರ್ಚ್‌ಬಿಷಪ್ 1650ರಲ್ಲಿ, ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಕಳೆದು, ಲೋಕ ಹುಟ್ಟಿದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್ 23ಕ್ಕೆ ಎಂದು ಪ್ರಕಟಿಸಿದರು. 1857ರಲ್ಲಿ ಫಿಲಿಪ್ ಗಾಸ್ ಎಂಬ ಪ್ರಕೃತಿ ವಿಜ್ಞಾನಿ ಆದಾಮನಿಗೆ ಹೊಕ್ಕುಳಿತ್ತೇ ಎಂಬ ಪ್ರಶ್ನೆ ಎತ್ತಿ ಇಡೀ ಪುಸ್ತಕ ಬರೆದರು. ಇತ್ತು ಎಂಬುದು ಅವರ ಉತ್ತರ: ಹೆರದೆಯೂ ಹೊಕ್ಕುಳು, ಬೆಳೆಯದೆಯೂ ಮರದೊಳಗೆ ಉಂಗುರಗಳು, ಬಂಡೆಯೊಳಗೆ ಬದುಕದ ಪ್ರಾಣಿಗಳ ಪಳೆಯುಳಿಕೆಗಳು, ಎಲ್ಲವನ್ನೂ ದೇವರು ಹಳತರಂತೆ ಕಾಣಲೆಂದೇ ಮಾಡಿದ. ಭಕ್ತರೂ ವಿಜ್ಞಾನಿಗಳೂ ಒಟ್ಟಾಗಿ ಇದನ್ನು ತಳ್ಳಿಹಾಕಿದರು. ದೇವರು ಸುಳ್ಳು ದಾಖಲೆ ಸೃಷ್ಟಿಸುವವನೇ ಎಂಬುದು ಭಕ್ತರ ಕೋಪ. ನಾಲ್ಕನೆಯ ಶತಮಾನದ ಕೊನೆಯಲ್ಲೇ ಸಂತ ಅಗಸ್ಟೀನ್ ಇವರಿಬ್ಬರಿಗಿಂತ ಹಗುರವಾಗಿ ಯೋಚಿಸಿದ್ದರು. ಸೃಷ್ಟಿಗೆ ಮೊದಲು ದೇವರು ಏನು ಮಾಡುತ್ತಿದ್ದ ಎಂದು ಕೇಳುವವರಿಗೆ "ಇಂಥ ಪ್ರಶ್ನೆ ಕೇಳುವವರಿಗಾಗಿ ನರಕ ಸಿದ್ಧಮಾಡುತ್ತಿದ್ದ" ಎಂದು ಒಬ್ಬರು ತಮಾಷೆ ಮಾಡಿದ್ದರಂತೆ. ಅಗಸ್ಟೀನ್ ಅದನ್ನು ನೆನಪಿಸಿಕೊಂಡು, ನಾನು ಹಾಗೆ ಹೇಳುವುದಿಲ್ಲ, ತಿಳಿಯದಿದ್ದರೆ ತಿಳಿಯದು ಎಂದೇ ಹೇಳುತ್ತೇನೆ ಎನ್ನುತ್ತಾರೆ. ಆಮೇಲೆ ಅವರದೇ ಉತ್ತರ: ಕಾಲವೂ ಸೃಷ್ಟಿಯ ಜೊತೆಗೇ ಹುಟ್ಟಿದ್ದು, ಹಾಗಾಗಿ 'ಮೊದಲು' ಎಂಬುದೇ ಇರಲಿಲ್ಲ.

ನಮ್ಮ ಕಡೆಯ ಲೆಕ್ಕದವರೂ ಕಡಿಮೆಯಿಲ್ಲ. ಪುರಾಣಗಳ ಪ್ರಕಾರ ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ವಿಜ್ಞಾನ ಹೇಳುತ್ತದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು 'ಆಗಲೇ ಗೊತ್ತಿತ್ತು' ಎನ್ನುವ ಸಂದೇಶ ನನ್ನ ಮೊಬೈಲಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಕಲ್ಪ ಎಂಬುದು ಭೂಮಿಯ ವಯಸ್ಸಲ್ಲ, ಮುಗಿದು ಮತ್ತೆ ಶುರುವಾಗುವ ಒಂದು ಸುತ್ತು. ವಿಶ್ವದ ವಯಸ್ಸು 1,380 ಕೋಟಿ ವರ್ಷ ಎನ್ನುವಾಗ ಇದೇ ಜನ ಸುಮ್ಮನಾಗುತ್ತಾರೆ. ಅಷ್ಟು ದೊಡ್ಡ ಕಾಲವನ್ನು ಊಹಿಸಲು ಹೆದರದಿದ್ದುದೇ ಸಾಲದೇ, ಪರೀಕ್ಷೆಯಲ್ಲಿ ಅಂಕ ಬೇರೆ ಬೇಕೇ?

ಜಾರ್ಜ್ ಲಮೆಟ್ರ್ ಅವರ ನಡವಳಿಕೆ ನನಗೆ ಹೆಚ್ಚು ಹಿಡಿಸುತ್ತದೆ. ಅವರು ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು, ಎಲ್ಲವೂ ಒಂದು 'ಆದಿ ಅಣು'ವಿನಿಂದ ಹೊರಟಿತು ಎಂದು 1931ರಲ್ಲಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ವಿಜ್ಞಾನವೇ 'ಬೆಳಕಾಗಲಿ' ಎಂಬ ಮಾತಿಗೆ ಸಾಕ್ಷಿ ಹೇಳುತ್ತಿದೆ ಎಂಬರ್ಥದಲ್ಲಿ ಮಾತಾಡಿದಾಗ ಹೆಚ್ಚು ಮುಜುಗರಪಟ್ಟವರು ಲಮೆಟ್ರ್. ತಮ್ಮ ಸಿದ್ಧಾಂತಕ್ಕೂ ಧರ್ಮದ ಪ್ರಶ್ನೆಗಳಿಗೂ ಗಂಟು ಹಾಕುವುದು ಅವರಿಗೆ ಬೇಕಿರಲಿಲ್ಲ. ಬೆಳಿಗ್ಗೆ ಪೂಜೆ, ಆಮೇಲೆ ಸಮೀಕರಣ, ಎರಡೂ ಒಂದೇ ಕೈಯಲ್ಲಿ, ಆದರೆ ಒಂದರ ಮಸಿ ಇನ್ನೊಂದಕ್ಕೆ ತಾಗದಂತೆ.

ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವನ್ನು ಇಷ್ಟು ಹೊತ್ತು ಬಿಟ್ಟಿದ್ದು ಬೇಕೆಂದೇ. ಏಳೇ ಋಕ್ಕುಗಳು. ಆಗ ಅಸತ್ತೂ ಇರಲಿಲ್ಲ, ಸತ್ತೂ ಇರಲಿಲ್ಲ ಎಂದು ಶುರು. ('ಸತ್ತು' ಎಂದೊಡನೆ ಕನ್ನಡದ ಕಿವಿಗೆ ಸಾವು ಕೇಳುತ್ತದೆ, ಸಂಸ್ಕೃತದಲ್ಲಿ ಅದು ಇರವು. ಈ ಅಡ್ಡಗಾಲಿಗೆ ಏನೂ ಮಾಡುವ ಹಾಗಿಲ್ಲ.) ಸಾವಿರಲಿಲ್ಲ, ಸಾವಿಲ್ಲದಿರುವುದೂ ಇರಲಿಲ್ಲ. ಗಾಳಿಯಿಲ್ಲದೆ ಅದೊಂದು ಉಸಿರಾಡುತ್ತಿತ್ತು. ಮೊದಲು ಬಂದದ್ದು ಕಾಮ, ಮನಸ್ಸಿನ ಮೊದಲ ಬೀಜ. ಆಮೇಲೆ ಪ್ರಶ್ನೆಗಳು: ಯಾರು ಬಲ್ಲರು? ದೇವತೆಗಳೇ ಸೃಷ್ಟಿಯ ಈಚೆಗೆ ಬಂದವರು, ಅವರಿಗೆ ಹೇಗೆ ಗೊತ್ತಿರಬೇಕು? ಪರಮ ವ್ಯೋಮದಲ್ಲಿದ್ದು ಇದನ್ನೆಲ್ಲ ನೋಡುವವನೊಬ್ಬನಿದ್ದರೆ ಅವನು ಬಲ್ಲ. ಅಥವಾ ಅವನಿಗೂ ತಿಳಿಯದೋ ಏನೋ. 'ಯದಿ ವಾ ನ ವೇದ.' ಸೂಕ್ತ ಅಲ್ಲಿಗೇ ನಿಲ್ಲುತ್ತದೆ.

ಹನ್ನೆರಡನೆಯ ಶತಮಾನದ ಅಲ್ಲಮನ ವಚನದಲ್ಲಿ ಇದೇ ನೆಲೆಯ ಮಾತು ಕನ್ನಡದ ಹೆಜ್ಜೆಯಲ್ಲಿ ಬರುತ್ತದೆ: 'ಶೂನ್ಯ ನಿಃಶೂನ್ಯವಿಲ್ಲದಂದು'. ಇಲ್ಲದ, ಅಂದು: ಎರಡೂ ಸೇರಿ ಒಂದೇ ಪದವಾಗುತ್ತವೆ. ಏನೂ ಇಲ್ಲದ ಕಾಲಕ್ಕೂ ಒಂದು 'ಅಂದು' ಕೊಟ್ಟು ಅದರ ಮೇಲೆ ನಿಂತು ಮಾತಾಡುತ್ತಾನೆ. ಅಗಸ್ಟೀನ್ ಪುಟಗಟ್ಟಲೆ ಬಿಡಿಸಿದ ಗಂಟನ್ನು ಕನ್ನಡದ ಒಂದು ಪದ ತಣ್ಣಗೆ ದಾಟಿಬಿಡುತ್ತದೆ, ಬಿಡಿಸದೆಯೇ.

ಕೊನೆಯದೊಂದು ಕಥೆ, ಪಶ್ಚಿಮ ಆಫ್ರಿಕಾದ ಯೊರುಬಾ ಜನರದು. ಒಬಾತಾಲಾ ಎಂಬ ದೇವರು ಮಣ್ಣಿನಿಂದ ಮನುಷ್ಯರ ದೇಹಗಳನ್ನು ಮಾಡುತ್ತಿದ್ದ. ಬಾಯಾರಿತು. ತಾಳೆಯ ಹೆಂಡ ಕುಡಿದ, ಇನ್ನಷ್ಟು ಕುಡಿದ, ಕುಡಿಯುತ್ತಲೇ ಕೆಲಸ ಮಾಡಿದ. ಅಮಲಿನಲ್ಲಿ ಮಾಡಿದ ಕೆಲವು ದೇಹಗಳಿಗೆ ಬೆನ್ನು ಬಾಗಿತು, ಕೆಲವಕ್ಕೆ ಕಾಲು ಸೊಟ್ಟಗಾಯಿತು, ಕೆಲವಕ್ಕೆ ಕಣ್ಣಿರಲಿಲ್ಲ. ಅಮಲಿಳಿದ ಮೇಲೆ ನೋಡಿ ಮನಸ್ಸು ನೊಂದು, ಇವರೆಲ್ಲ ನನ್ನವರು, ಇವರ ಕಾವಲು ನನ್ನದು ಎಂದ. ಅವನ ಭಕ್ತರು ಇಂದಿಗೂ ತಾಳೆಯ ಹೆಂಡ ಮುಟ್ಟುವುದಿಲ್ಲ. ಹಿಂದಿನ ಜನ್ಮದ ಪಾಪ, ತಾಯಿಯ ತಪ್ಪು ಎಂದು ಮಗುವಿನ ತಲೆಗೆ ಕಟ್ಟುವ ವಿವರಣೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ತಪ್ಪು ಮಣ್ಣಿನದಲ್ಲ, ನನ್ನದು ಎಂದು ಒಬ್ಬ ದೇವರು ಒಪ್ಪಿಕೊಂಡದ್ದನ್ನು ಓದಿದ್ದು ಅದೇ ಮೊದಲು.

ಮರುದಿನ ನನ್ನ ಮಣ್ಣಿನ ದಣಿವು ಇಳಿದಿತ್ತು. ಮಡಕೆಯ ಆಸೆ ಬಿಟ್ಟು, ಅಂಗೈಯಗಲದ ಒಂದು ಬಟ್ಟಲು ಎತ್ತಿದೆ. ಬಾಯಿ ಒಂದು ಕಡೆ ವಾಲಿತ್ತು, ಹೊರಮೈಯಲ್ಲಿ ಹೆಬ್ಬೆರಳಿನ ಗುರುತು ಹಾಗೇ ಉಳಿಯಿತು. ವಾರಗಟ್ಟಲೆ ಒಣಗಿ, ಆವಿಗೆಯಲ್ಲಿ ಬೆಂದು ಹೊರಬಂದಾಗ ಕಲಿಸುವವರು ಸಾಲಿನಲ್ಲಿದ್ದ ಒಂದೊಂದನ್ನೂ ಎತ್ತಿ ಬೆರಳಗಂಟಿನಿಂದ ತಟ್ಟಿ ಕಿವಿಗೊಟ್ಟರು. ಕಿಣ್, ಕಿಣ್ ಎನ್ನುತ್ತಿದ್ದವು. ನನ್ನದಕ್ಕೆ ಬಂದಾಗ ದೊಬ್ ಎಂದಿತು. ಇನ್ನೊಮ್ಮೆ ತಟ್ಟಿದರು. ದೊಬ್. ಬೆಳಕಿಗೆ ಹಿಡಿದು ತಿರುಗಿಸಿ, ತಳದಿಂದ ಹೆಬ್ಬೆರಳಿನ ಗುರುತಿನವರೆಗೆ ಓಡಿದ್ದ ಕೂದಲೆಳೆಯ ಬಿರುಕನ್ನು ತೋರಿಸಿದರು.

"ನೀರು ನಿಲ್ಲುವುದಿಲ್ಲ," ಎಂದರು. "ಪೆನ್ನು ಇಟ್ಟುಕೊಳ್ಳಬಹುದು."